ಪ್ರತಿ ಭಾನುವಾರ ಬ್ಯಾಕಪ್ ರಿಸ್ಟೋರ್: ನನ್ನ ಅನುಭವ

ಕಲಬುರಗಿಯ ಐವತ್ತು ಹಾಸಿಗೆಯ ನರ್ಸಿಂಗ್ ಹೋಮ್ ಒಂದರ ಸರ್ವರ್ ನೋಡಿಕೊಳ್ಳೋದು ನನ್ನ ಕೆಲಸ. ಕಳೆದ ಮೇ ತಿಂಗಳ ಬಿಸಿಲಲ್ಲಿ ಮೇನ್ ಸರ್ವರಿನ ಮದರ್‌ಬೋರ್ಡ್ ಸುಟ್ಟಿತು. ನಲವತ್ತು ನಿಮಿಷದೊಳಗೆ ಓಪಿಡಿ ಕೌಂಟರ್ ಮತ್ತೆ ನಡೆಯಿತು. ಕೊನೇ ನಿಮಿಷದ ಎರಡು ಬಿಲ್ ಬಿಟ್ಟರೆ ಏನೂ ಹೋಗಲಿಲ್ಲ. ನನ್ನ ಬ್ಯಾಕಪ್ ವ್ಯವಸ್ಥೆ ನೋಡಿ "ಇಷ್ಟೆಲ್ಲಾ ಯಾಕ ಬೇಕ್ರಿ, ರೇಡ್ ಅದ ಅಲ್ಲ" (ರೇಡ್ ಅಂದರೆ ಹಲವು ಡಿಸ್ಕ್ ಜೋಡಿಸಿ, ಒಂದು ಕೆಟ್ಟರೂ ಡೇಟಾ ಉಳಿಸೋ ಏರ್ಪಾಡು) ಅಂದವರೇ ಈಗ ಫೋನ್ ಮಾಡಿ ಕೇಳುತ್ತಿದ್ದಾರೆ. ಅದಕ್ಕೇ ಬರೆದೆ.

ಮೊದಲು ನನ್ನಲ್ಲೂ ರೇಡ್ 5 ಇತ್ತು, 4 ಟಿಬಿಯ ನಾಲ್ಕು ಡಿಸ್ಕ್. ಒಂದು ಸತ್ತಿತು. ಹೊಸದು ಹಾಕಿ, ಅದಕ್ಕೆ ಡೇಟಾ ಮತ್ತೆ ತುಂಬಲು ರೀಬಿಲ್ಡ್‌ಗೆ ಬಿಟ್ಟರೆ ಅದೇ ರಾತ್ರಿ ಇನ್ನೊಂದು ಕೈಕೊಟ್ಟಿತು. ಯುಎಸ್‌ಬಿ ಬ್ಯಾಕಪ್ ತೆರೆದೆ: ಹದಿನೇಳು ದಿನದ ಡಂಪ್ (ಡೇಟಾಬೇಸಿನ ನಕಲು) ಫೈಲೆಲ್ಲ ಸೊನ್ನೆ ಬೈಟ್. ಡಿಸ್ಕ್ ತುಂಬಿದ್ದರೂ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಕೆಲಸ ಶುರುಮಾಡೋ ಪ್ರೋಗ್ರಾಂ) ದಿನಾ ಓಡಿತ್ತು, ಲಾಗ್ ನಾನು ನೋಡಿರಲಿಲ್ಲ. ಡೇಟಾ ತೆಗೆಸಲು ಸತ್ತ ಡಿಸ್ಕುಗಳನ್ನು ಹೈದರಾಬಾದಿಗೆ ಒಯ್ದು 40 ಸಾವಿರದ ಹತ್ತಿರ ಸುರಿದೆ, ಏನೂ ಸಿಗಲಿಲ್ಲ. ಇಬ್ಬರು ಸಿಸ್ಟರುಗಳು ಕೇಸ್ ಶೀಟು ಮುಂದಿಟ್ಟುಕೊಂಡು ವಾರಗಟ್ಟಲೆ ಟೈಪ್ ಮಾಡಿದರು. ಒಬ್ಬ ಅಜ್ಜಿಯ ಪೆನ್ಸಿಲಿನ್ ಅಲರ್ಜಿ ಕಾಗದದಲ್ಲಿರಲಿಲ್ಲ, ಕಂಪ್ಯೂಟರಿನಲ್ಲಷ್ಟೇ ಇತ್ತು. ಮಗಳು ನೆನಪಿಟ್ಟು ಹೇಳಿದ್ದಕ್ಕೆ ಜೀವ ಉಳಿಯಿತು. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಈಗ ಇಸಿಸಿ ಮೆಮೊರಿ (ಸಣ್ಣ ತಪ್ಪನ್ನು ತಾನೇ ತಿದ್ದುವಂಥದ್ದು), ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್ಮಿನ ಮಿರರ್ (ಒಂದೇ ಡೇಟಾ ಎರಡು ಡಿಸ್ಕಿನಲ್ಲಿ), ತಿಂಗಳಿಗೆರಡು ಸ್ಕ್ರಬ್ (ಎಲ್ಲಾ ಡೇಟಾ ಓದಿ ತಪ್ಪು ಹುಡುಕೋದು). ರೇಡ್ ಕಾರ್ಡ್ ಕಿತ್ತು ಹಾಕಿದೆ. ಅದರ ಬ್ಯಾಟರಿ ಉಬ್ಬಿ ಸತ್ತಿದ್ದರೂ ರೈಟ್‌ಬ್ಯಾಕ್ (ಡಿಸ್ಕಿಗೆ ಬರೆಯೋ ಮೊದಲೇ ಬರೆದಾಯ್ತು ಅನ್ನೋ ಸೆಟ್ಟಿಂಗ್) ಆನ್ ಇತ್ತು. ಕರೆಂಟ್ ಹೋದಾಗಲೆಲ್ಲ ನಮ್ಮ ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್ ಇಂಡೆಕ್ಸ್ ಕೆಡುತ್ತಿದ್ದದ್ದು ಅದರಿಂದಲೇ. ಡಬ್ಲ್ಯೂಎಎಲ್ (ಡೇಟಾಬೇಸಿನ ಪ್ರತಿ ಬದಲಾವಣೆಯ ದಾಖಲೆ) ಫೈಲು ನಿಮಿಷಕ್ಕೊಮ್ಮೆ ರಸ್ತೆಯಾಚೆ ಲ್ಯಾಬಿನ ಮಷೀನಿಗೆ ಹೋಗುತ್ತದೆ. ಮೂರನೇ ಕಾಪಿ ಎನ್‌ಕ್ರಿಪ್ಟ್ ಆಗಿ ಬೀದರಿನಲ್ಲಿದೆ. ಸ್ಕ್ಯಾನ್ ಚಿತ್ರಗಳೇ 3 ಟಿಬಿ, ನಮ್ಮ ನೆಟ್ಟಿನಲ್ಲಿ ಕಳಿಸೋ ಮಾತೇ ಇಲ್ಲ. ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, 2017ರಲ್ಲಿ ಶುರುವಾದ ಬೀದರ್ ರೈಲು ಮಾರ್ಗದಲ್ಲೇ ಹೋಗಿ ಇಟ್ಟು ಬಂದೆ. ಎಲ್ಲಾ ಸೇರಿ ಖರ್ಚು 2 ಲಕ್ಷದ ಒಳಗೇ.

ನನ್ನ ಕೈ ಹಿಡಿದದ್ದು ಮಾತ್ರ ಭಾನುವಾರದ ಕೆಲಸ. ಒಂದು ವಾರ ಲ್ಯಾಬ್ ಕಾಪಿ, ಒಂದು ವಾರ ಬೀದರ್ ಕಾಪಿ. ಹಳೇ ಪಿಸಿಯ ಮೇಲೆ ಪೂರ್ತಿ ರಿಸ್ಟೋರ್ ಮಾಡಿ, ಅಂದರೆ ಆ ಕಾಪಿಯಿಂದ ಡೇಟಾ ವಾಪಸ್ ತುಂಬಿ, ಡ್ಯೂಟಿ ಸಿಸ್ಟರ್ ಕೈಲಿ ಐದು ರೋಗಿಗಳ ರೆಕಾರ್ಡ್ ತೆರೆಸುತ್ತೇನೆ. "ಅಣ್ಣಾ, ಶನಿವಾರದ ಶುಗರ್ ರಿಪೋರ್ಟ್ ಕಾಣವಲ್ದು" ಅಂತ ಒಬ್ಬಾಕೆ ಹೇಳಿದಾಗಲೇ ಲ್ಯಾಬಿನ ಪಿಡಿಎಫ್ ಫೋಲ್ಡರ್ ಕಾಪಿಯಾಗುತ್ತಲೇ ಇಲ್ಲ ಅನ್ನೋದು ಗೊತ್ತಾಗಿದ್ದು. ಆ ಐವರನ್ನು ಹೇಗೆ ಆರಿಸುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ.

ಎಸಿ ಖರ್ಚು ಉಳಿಸಲು ಕೂಲರ್ ಇಟ್ಟು ನೋಡಿದೆ. ಐದಾರು ಡಿಗ್ರಿ ಇಳಿಯಿತು, ಆದರೆ ಅದರ ತೇವಕ್ಕೆ ಎರಡೇ ತಿಂಗಳಿಗೆ ಕನೆಕ್ಟರಿಗೆ ಜಂಗು ಹಿಡಿಯಿತು. ಅಗ್ಗದ, ಮತ್ತೆ ಮತ್ತೆ ಬರೆಯೋದರಲ್ಲಿ ನಿಧಾನವಾದ ಎಸ್‌ಎಂಆರ್ ಡಿಸ್ಕನ್ನು ಮಿರರಿಗೆ ಹಾಕಿದರೆ ರಿಸಿಲ್ವರ್ (ಹೊಸ ಡಿಸ್ಕಿಗೆ ಡೇಟಾ ತುಂಬೋದು) ನಾಲ್ಕು ದಿನವಾದರೂ ಮುಗಿಯಲಿಲ್ಲ. ಅದೇ ಡಿಸ್ಕ್ ಈಗ ಬೀದರಿನಲ್ಲಿ ಬ್ಯಾಕಪ್ಪಿಗಿದೆ, ಚೆನ್ನಾಗಿ ನಡೆದಿದೆ.