ಗೆಳೆಯರ ಜೊತೆ ಕಾರಿನಲ್ಲಿ ಕರಾವಳಿಗೆ: ಪಟ್ಟಿ ಚಿಕ್ಕದಿರಲಿ, ಘಟ್ಟ ಹಗಲಲ್ಲೇ ಮುಗಿಯಲಿ

ಕತ್ತಲಾದ ಮೇಲೆ ಆಗುಂಬೆ ಘಟ್ಟ ಇಳಿಯುವ ಬೆಂಗಳೂರು ಕಾರುಗಳನ್ನು ಗುರುತಿಸುವುದು ಸುಲಭ. ಬ್ರೇಕ್ ದೀಪ ಆರುವುದೇ ಇಲ್ಲ. ಕೆಳಗೆ ಸೋಮೇಶ್ವರದಲ್ಲಿ ನಿಂತಾಗ ಚಕ್ರದಿಂದ ಸುಟ್ಟ ವಾಸನೆ ಬರುತ್ತಿರುತ್ತದೆ. ಹಿಂದಿನ ಸೀಟಿನಲ್ಲಿ ಒಬ್ಬರು ಪ್ಲಾಸ್ಟಿಕ್ ಕವರ್ ಹಿಡಿದು ಕೂತಿರುತ್ತಾರೆ. ಮುಂದಿನ ಇಬ್ಬರು ಮಾತು ಬಿಟ್ಟಿರುತ್ತಾರೆ. ಎಡವಟ್ಟು ಆಗಿದ್ದು ಘಟ್ಟದಲ್ಲಲ್ಲ. ಎರಡು ವಾರ ಮೊದಲು, ವಾಟ್ಸಾಪ್ ಗ್ರೂಪಿನಲ್ಲಿ.

ಇಲ್ಲಿ ಹೇಳುತ್ತಿರುವುದು ನಾಲ್ಕು ದಿನದ ಒಂದು ಸುತ್ತು. ಬೆಂಗಳೂರಿಂದ ತುಮಕೂರು, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಉಡುಪಿ. ಅಲ್ಲಿಂದ ಕಡಲ ಪಕ್ಕದಲ್ಲೇ ಹೊನ್ನಾವರ. ಆಮೇಲೆ ಗೇರುಸೊಪ್ಪೆ ಕಡೆಯಿಂದ ಘಟ್ಟ ಹತ್ತಿ ಜೋಗ, ಸಾಗರ, ವಾಪಸ್. ಮೂರೇ ದಿನ ರಜೆ ಇದ್ದರೆ ಜೋಗ ಬಿಡಿ.

1. ಪಟ್ಟಿ ಕತ್ತರಿಸಿ

ಗ್ರೂಪಿನಲ್ಲಿ ಮೊದಲ ದಿನದ ಪಟ್ಟಿ ಸಾಮಾನ್ಯವಾಗಿ ಹೀಗಿರುತ್ತದೆ: ಸಕ್ರೆಬೈಲು, ಮಂಡಗದ್ದೆ, ಕವಲೇದುರ್ಗ, ಕುಂದಾದ್ರಿ, ಶೃಂಗೇರಿ, ಆಗುಂಬೆಯ ಸೂರ್ಯಾಸ್ತ, ರಾತ್ರಿ ಊಟ ಉಡುಪಿಯಲ್ಲಿ. ಮ್ಯಾಪಿನಲ್ಲಿ ಎಲ್ಲವೂ ಹತ್ತಿರ ಹತ್ತಿರವೇ. ಆದರೆ ಸಕ್ರೆಬೈಲಿನಲ್ಲಿ ಆನೆಗಳ ಸ್ನಾನ ಬೆಳಗಿನ ಕೆಲಸ. ನೀವು ಬೆಂಗಳೂರಿಂದ ಅಲ್ಲಿಗೆ ಬರುವಷ್ಟರಲ್ಲಿ ಆನೆಗಳು ಕಾಡಿಗೆ ಹೋಗಿರುತ್ತವೆ. ಕವಲೇದುರ್ಗ ಕೋಟೆಯನ್ನು ನಡೆದು ಹತ್ತಬೇಕು, ಅರ್ಧ ದಿನ ಅಲ್ಲೇ ಹೋಯಿತು.

ದಿನಕ್ಕೆ ಒಂದೇ ಜಾಗ. ಮೊದಲ ದಿನ ಬೇರೇನೂ ಬೇಡ, ಆಗುಂಬೆ ಒಂದು ಸಾಕು. ಮಧ್ಯಾಹ್ನ ಮೂರು ಗಂಟೆಗೆ ಘಟ್ಟದ ಮೇಲಿರಬೇಕು ಎಂದಿಟ್ಟುಕೊಂಡು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟರೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ತೀರ್ಥಹಳ್ಳಿಯಲ್ಲಿ ಊಟ, ಹೇಳಿದ ಹೊತ್ತಿಗೆ ಆಗುಂಬೆ. ಆರಕ್ಕೆ ಹೊರಟರೂ ಒಂದು ಗಂಟೆ ತಾನೇ ಅನ್ನಬೇಡಿ. ಊರು ದಾಟುವುದರಲ್ಲೇ ಇನ್ನೂ ಒಂದು ಗಂಟೆ ಹೋಗುತ್ತದೆ.

ಸೂರ್ಯಾಸ್ತ ನೋಡಲೇಬೇಕು ಅನ್ನುವವರು ಗುಂಪಿಗೊಬ್ಬರಾದರೂ ಇರುತ್ತಾರೆ. ಸರಿ, ನೋಡಿ. ಆದರೆ ಆ ರಾತ್ರಿ ಆಗುಂಬೆಯಲ್ಲೋ ತೀರ್ಥಹಳ್ಳಿಯಲ್ಲೋ ಉಳಿದು ಬೆಳಿಗ್ಗೆ ಇಳಿಯಿರಿ. ಮಳೆಗಾಲದಲ್ಲಿ ಹೇಗೂ ಸೂರ್ಯ ಕಾಣುವುದಿಲ್ಲ. ಬರೀ ಮೋಡ ನೋಡಿಕೊಂಡು ಕತ್ತಲಲ್ಲಿ ಇಳಿಯುವುದು ಯಾವ ಜಾಣತನ?

2. ಕಾರು, ಜನ, ದುಡ್ಡು

ಐದು ಸೀಟಿನ ಕಾರಿಗೆ ನಾಲ್ಕೇ ಜನ. ಹಿಂದೆ ನಡುವೆ ಕೂತವರಿಗೆ ಶಿವಮೊಗ್ಗ ಬರುವಷ್ಟರಲ್ಲಿ ಸ್ನೇಹದ ಮೇಲೇ ಬೇಜಾರು ಬಂದಿರುತ್ತದೆ. ನಾಲ್ವರಲ್ಲಿ ಇಬ್ಬರಿಗಾದರೂ ಘಟ್ಟದಲ್ಲಿ ಓಡಿಸಿ ಅಭ್ಯಾಸವಿರಲಿ.

ಬಾಡಿಗೆ ಕಾರಾದರೆ ನಂಬರ್ ಪ್ಲೇಟ್ ನೋಡಿ. ನಾವೇ ಓಡಿಸುವ ಬಾಡಿಗೆ ಕಾರಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಪರಿಚಯದವರ ಪರಿಚಯ ಎಂದು ಕಡಿಮೆ ರೇಟಿಗೆ ವೈಟ್ ಬೋರ್ಡ್ ಕಾರು ಸಿಗುತ್ತದೆ. ಅಪಘಾತವಾದರೆ ವಿಮೆಯವರು ಕೈ ಎತ್ತಬಹುದು. ಬೇಡವೇ ಬೇಡ.

ಹೊರಡುವ ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿ. ಜನ, ಲಗೇಜು ತುಂಬಿದಾಗ ಎಷ್ಟಿರಬೇಕೆಂದು ಡ್ರೈವರ್ ಬಾಗಿಲಿನ ಪಟ್ಟಿಯ ಸ್ಟಿಕ್ಕರಿನಲ್ಲೇ ಬರೆದಿರುತ್ತದೆ. ಸ್ಟೆಪ್ನಿಗೂ ಗಾಳಿ ಇದೆಯಾ, ಜಾಕ್ ಜಾಗದಲ್ಲಿದೆಯಾ ನೋಡಿಕೊಳ್ಳಿ. ಫಾಸ್ಟ್ಯಾಗ್‌ಗೆ ದುಡ್ಡು ಹಾಕಿ. ಆಫ್‌ಲೈನ್ ಮ್ಯಾಪ್ ಮನೆಯಲ್ಲೇ ಇಳಿಸಿಕೊಳ್ಳಿ, ಘಟ್ಟದಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳುವ ಹಾಗಿಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರು ಕೈಕೊಟ್ಟರೆ 1033ಕ್ಕೆ ಕರೆ ಮಾಡಬಹುದು.

ದುಡ್ಡಿನ ವಿಷಯದಲ್ಲಿ "ಆಮೇಲೆ ನೋಡೋಣ ಬಿಡು ಮಗಾ" ಅನ್ನುವವನ ಮಾತು ಕೇಳಬೇಡಿ. ಎಲ್ಲರೂ ಸಮನಾಗಿ ಮೊದಲೇ ಒಬ್ಬರ ಖಾತೆಗೆ ಹಾಕಿ. ಡೀಸೆಲ್, ಟೋಲ್, ಊಟ, ರೂಮು ಎಲ್ಲ ಅದರಿಂದಲೇ. ಲೆಕ್ಕ ಇಡುವವರು ಕಾರು ಓಡಿಸುವುದು ಬೇಡ, ಓಡಿಸುವವರು ಲೆಕ್ಕ ಇಡುವುದು ಬೇಡ. ಕಾರು ನಿಮ್ಮಲ್ಲೊಬ್ಬರದೇ ಆದರೆ ಅವರ ಪಾಲಿನಿಂದ ಡೀಸೆಲ್ ದುಡ್ಡು ಮಾತ್ರ ಕಳೆದುಬಿಡಿ.

3. ಘಟ್ಟ ಇಳಿಯುವುದು

ಎಲ್ಲರೂ ಎಡವುವುದು ಇಲ್ಲೇ. ಹಿಂದಿನ ದಿನವೇ ಘಟ್ಟ ತೆರೆದಿದೆಯಾ ಎಂದು ವಿಚಾರಿಸಿ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದುಂಟು. ಆಗುಂಬೆ ಊರಿನಲ್ಲಿ ಕಾರು ನಿಲ್ಲಿಸಿ ಟೀ ಕುಡಿಯಿರಿ. ಬೆಳಿಗ್ಗೆಯಿಂದ ಓಡಿಸಿದವರು ಹಿಂದೆ ಹೋಗಲಿ, ಇನ್ನೊಬ್ಬರು ಕೂರಲಿ.

ವಾಂತಿ ಬರುವವರಿಗೆ ಮುಂದಿನ ಸೀಟು. ಅವರ ಕಣ್ಣು ರಸ್ತೆಯ ಮೇಲಿರಲಿ, ಮೊಬೈಲ್ ಮೇಲಲ್ಲ. ಮಾತ್ರೆ ನುಂಗುವುದಿದ್ದರೆ ತೀರ್ಥಹಳ್ಳಿಯಲ್ಲೇ ನುಂಗಬೇಕು, ತಿರುವಿನಲ್ಲಿ ಹೊಟ್ಟೆ ತೊಳೆಸಲು ಶುರುವಾದ ಮೇಲೆ ಉಪಯೋಗವಿಲ್ಲ. ಈ ಮಾತ್ರೆಗಳಿಂದ ನಿದ್ದೆ ಬರುತ್ತದೆ, ಓಡಿಸುವವರು ಮುಟ್ಟಬಾರದು. ಡ್ಯಾಶ್‌ಬೋರ್ಡಿನ ಮೇಲೆ ಆ ಸಿಹಿ ವಾಸನೆಯ ಪರ್ಫ್ಯೂಮ್ ಬಾಟಲಿ ಇರುತ್ತದಲ್ಲ, ಅದನ್ನು ಕಿತ್ತು ಡಿಕ್ಕಿಗೆ ಹಾಕಿ. ಅರ್ಧ ವಾಂತಿ ಅದರಿಂದಲೇ. ಕಿಟಕಿ ಇಳಿಸಿದರೆ ಕಾಡಿನ ಗಾಳಿ ಬರುತ್ತದೆ, ಅದು ಸಾಲದೇ?

ಈಗ ಇಳಿಯೋಣ. ಕೆಳಗಿನವರೆಗೆ ಹದಿನಾಲ್ಕು ಹೇರ್‌ಪಿನ್ ತಿರುವು. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು: ಎರಡನೇ ಗೇರು, ತಿರುವು ತೀರಾ ಕಡಿದಾಗಿದ್ದರೆ ಒಂದು. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಇಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ. ಗುಂಯ್ ಎಂದು ಜೋರಾಗಿ ಸದ್ದು ಮಾಡುತ್ತದೆ, ಹೆದರಬೇಡಿ. ಆಟೋಮ್ಯಾಟಿಕ್ ಕಾರಾದರೆ ಡಿ ಬಿಟ್ಟು ಎಲ್ (ಲೋ ಗೇರು) ಅಥವಾ ಮ್ಯಾನುಯಲ್ ಮೋಡಿಗೆ ಹಾಕಿ.

ಬ್ರೇಕಿನ ಮೇಲೆ ಕಾಲು ಊರಿಕೊಂಡೇ ಇರಬೇಡಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಬಿಟ್ಟುಬಿಡಿ. ತಿರುವಿನೊಳಗೆ ಹೋದ ಮೇಲೆ ಒತ್ತಿದರೆ ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಕೆಲವರು ಪೆಟ್ರೋಲ್ ಉಳಿಸುತ್ತೇನೆಂದು ನ್ಯೂಟ್ರಲ್ ಮಾಡುತ್ತಾರೆ. ಉಳಿಯುವುದೂ ಇಲ್ಲ. ಈಗಿನ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇಂಜಿನ್‌ಗೆ ಇಂಧನವೇ ಹೋಗುವುದಿಲ್ಲ. ನ್ಯೂಟ್ರಲ್‌ನಲ್ಲಿ ಮಾತ್ರ ಕುಡಿಯುತ್ತಲೇ ಇರುತ್ತದೆ. ಇನ್ನು ಕಾರಿನ ಭಾರವೆಲ್ಲ ಬ್ರೇಕಿನ ಮೇಲೇ.

ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾದರೆ, ಅಗಲ ಜಾಗ ನೋಡಿ ನಿಲ್ಲಿಸಿ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಅರ್ಧ ಗಂಟೆ ಬಿಟ್ಟರೆ ತಾನೇ ಆರುತ್ತದೆ. ಬಿಸಿ ಡಿಸ್ಕಿನ ಮೇಲೆ ಬಾಟಲಿ ನೀರು ಸುರಿಯುವ ಬುದ್ಧಿವಂತರಿದ್ದಾರೆ, ಡಿಸ್ಕ್ ಡೊಂಕಾಗುತ್ತದೆ. ಹೊರಡುವಾಗ ಆ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗಬೇಡಿ, ಪುಣ್ಯ ಬರುತ್ತದೆ.

ಹತ್ತುವ ಗಾಡಿಗೆ ಮೊದಲ ದಾರಿ, ಇದು ನಿಯಮವೇ. ತಿರುವಿಗೆ ಮುಂಚೆ ಹಾರ್ನ್ ಹೊಡೆಯಿರಿ. ಕೆಳಗಿನಿಂದ ಬಸ್ಸು ಬರುತ್ತಿದ್ದರೆ ತಿರುವಿನೊಳಗೆ ನುಗ್ಗದೆ ಮೇಲೇ ನಿಲ್ಲಿ. ತಿರುಗಲು ಅದಕ್ಕೆ ಇಡೀ ರಸ್ತೆ ಬೇಕು. ಮಂಜು ಕವಿದರೆ ಲೋ ಬೀಮ್. ಹೈ ಬೀಮ್ ಹಾಕಿದರೆ ಬೆಳಕೆಲ್ಲ ಮಂಜಿಗೆ ಬಡಿದು ವಾಪಸ್ ನಿಮ್ಮ ಕಣ್ಣಿಗೇ ಬರುತ್ತದೆ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬಿಳಿ ಎಲ್‌ಇಡಿ ಬಲ್ಬುಗಳ ಪಾಡೂ ಅಷ್ಟೇ. ಓಡುವ ಕಾರಿನಲ್ಲಿ ನಾಲ್ಕೂ ಇಂಡಿಕೇಟರ್ ಮಿಣಮಿಣ ಮಾಡಿಕೊಂಡು ಹೋಗಬೇಡಿ, ನೀವು ಯಾವ ಕಡೆ ತಿರುಗುತ್ತೀರಿ ಎಂದು ಹಿಂದಿನವರಿಗೆ ಹೇಗೆ ಗೊತ್ತಾಗಬೇಕು? ದಾರಿಯಲ್ಲಿ ಕೋತಿಗಳಿಗೆ ಬಿಸ್ಕತ್ತು ಕೊಡಬೇಡಿ. ಒಂದಕ್ಕೆ ಕೊಟ್ಟರೆ ಹತ್ತು ಕಿಟಕಿಗೆ ಬರುತ್ತವೆ.

4. ಉಳಿದದ್ದು

ಉಡುಪಿಯಿಂದ ಹೊನ್ನಾವರ ಸಲೀಸು ರಸ್ತೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ನಿಲ್ಲಿ, ನೋಡಿ, ಮಳೆಗಾಲದಲ್ಲಿ ಮಾತ್ರ ನೀರಿಗಿಳಿಯಬೇಡಿ.

ಮೂರನೇ ದಿನ ಜೋಗ. ಜಲಪಾತದ ಎತ್ತರ 253 ಮೀಟರ್, ಆದರೆ ನೀರಿದ್ದರೆ ತಾನೇ? ಮೇಲೆ ಲಿಂಗನಮಕ್ಕಿ ಅಣೆಕಟ್ಟೆ ನೀರು ಹಿಡಿದಿಡುವುದರಿಂದ ಬೇಸಿಗೆಯಲ್ಲಿ ಕಾಣುವುದು ಹೆಚ್ಚಾಗಿ ಬಂಡೆ. ಆಗಸ್ಟ್, ಸೆಪ್ಟೆಂಬರ್ ಒಳ್ಳೆಯದು. ರಾತ್ರಿ ಸಾಗರದಲ್ಲಿ ಉಳಿಯಿರಿ. ಬೆಳಿಗ್ಗೆ ಪಕ್ಕದ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ನೋಡಿ ಊರ ಕಡೆ ಹೊರಡಿ.

ಲೆಕ್ಕವನ್ನು ಸಾಗರದ ರೂಮಿನಲ್ಲೇ, ಎಲ್ಲರೂ ಎದುರಿಗಿದ್ದಾಗಲೇ ಮುಗಿಸಿ. ಕಾರು ತೊಳೆಸಲು ಸ್ವಲ್ಪ ದುಡ್ಡು ಎತ್ತಿಡಿ. ಮೇಲಿನ ಧೂಳು ತೊಳೆದರೆ ಸಾಲದು, ಕಡಲ ಉಪ್ಪು ಅಡಿಯಲ್ಲಿ ಕೂತು ತುಕ್ಕು ಹಿಡಿಸುತ್ತದೆ. ಮೇಲಕ್ಕೆತ್ತಿ ಅಡಿಯನ್ನೂ ತೊಳೆಯುವ ವಾಷಿಂಗ್ ಸೆಂಟರಿಗೇ ಕೊಡಿ. ಮ್ಯಾಟು ತೆಗೆದು ಮರಳು ಕೊಡವುವ ಕೆಲಸ ಹಿಂದಿನ ಸೀಟಿನವರದು.