ದಿನಾ ಬರೆಯೋಕೆ ಎಂಥ ಪೆನ್ನು, ಎಂಥ ಪೆನ್ಸಿಲ್ಲು?

ನಾನು ಹೈಸ್ಕೂಲಿನ ಕನ್ನಡ ಮೇಷ್ಟ್ರು. ಪೆನ್ನಿನ ವಿಷಯದಲ್ಲಿ ಸ್ವಲ್ಪ ಹಟ ಜಾಸ್ತಿ.

ಅಂಗಡಿಯಲ್ಲಿ ಪೆನ್ನು ಕೊಟ್ಟರೆ ಎಲ್ಲರೂ ಸುಮ್ನೆ ಸುರುಳಿ ಸುತ್ತಿ ನೋಡುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ‘ಲಕ್ಷ್ಮಿ’, ‘ರಾಷ್ಟ್ರ’ ಅಂತ ನಿಮ್ಮ ಮಾಮೂಲಿ ಅಳತೆಯಲ್ಲಿ ಬರೆಯಿರಿ. ಒತ್ತಕ್ಷರದ ಸುಳಿ ಮುಚ್ಚಿಕೊಂಡು ಮಸಿಮುದ್ದೆಯಾಯಿತಾ? ಹಾಗಾದರೆ ನಿಮ್ಮ ಕೈಗೆ ಆ ತುದಿ ದಪ್ಪ. ನಮ್ಮ ಅಕ್ಷರಗಳು ದುಂಡು, ಕೆಳಗೆ ಒತ್ತು ಬೇರೆ. ಚಿಕ್ಕದಾಗಿ ಬರೆಯುವವರಿಗೆ 0.5 ಮಿ.ಮೀ. ಸರಿ, ಉಳಿದವರಿಗೆ 0.7. ಸಹಿ ಹಾಕೋಕೆ ಬೇಕಾದರೆ 1 ಮಿ.ಮೀ. ಇಟ್ಟುಕೊಳ್ಳಿ.

ಬಾಲ್‌ಪೆನ್ನಿನ ಮಸಿ ಎಣ್ಣೆಯದು. ಬೇಗ ಒಣಗುತ್ತದೆ, ಆದರೆ ಒತ್ತಿ ಬರೆಯಬೇಕು. ಜೆಲ್ ಮಸಿ ನೀರಿನದು, ಒತ್ತದೆಯೇ ಜಾರುತ್ತದೆ. ಪುಟಗಟ್ಟಲೆ ಬರೆದರೂ ಬೆರಳು ನೋಯುವುದು ಕಡಿಮೆ. ಎಡಗೈಯಲ್ಲಿ ಬರೆಯುವವರಿಗೆ ಮಾತ್ರ ಕಷ್ಟ, ಹಸಿ ಮಸಿಯೆಲ್ಲ ಅಂಗೈ ಅಂಚಿಗೆ ಮೆತ್ತಿಕೊಳ್ಳುತ್ತದೆ. ಇಂಕ್ ಪೆನ್ನು ಕೊಳ್ಳುವ ಮೊದಲು ನಿಮ್ಮ ನೋಟ್‌ಬುಕ್ ನೋಡಿ. ತೆಳು ಹಾಳೆಯಾದರೆ ಮಸಿ ಹಿಂದಿನ ಪುಟಕ್ಕೂ ಇಳಿಯುತ್ತದೆ.

ಪೆನ್ಸಿಲ್ ಕಡ್ಡಿ ಅಂದರೆ ಗ್ರಾಫೈಟ್ ಮತ್ತು ಜೇಡಿಮಣ್ಣು. ಮಣ್ಣು ಜಾಸ್ತಿಯಾದರೆ ಗಟ್ಟಿ, ಗೆರೆ ತಿಳಿ. ದಿನದ ಬರವಣಿಗೆಗೆ ಎಚ್‌ಬಿ ಸಾಕು. ನನಗೆ 2ಬಿ ಇಷ್ಟ. ಕಪ್ಪಗೆ ಬೀಳುತ್ತದೆ, ಆಗಾಗ ಚೂಪು ಮಾಡಬೇಕು ಅಷ್ಟೆ. ನಟರಾಜನಾ, ಅಪ್ಸರಾನಾ ಅಂತ ಮಕ್ಕಳು ಜಗಳ ಆಡುತ್ತಾರೆ. ಎರಡೂ ಒಂದೇ ಕಂಪನಿಯವು! ಅದಕ್ಕಿಂತ ಪೆನ್ಸಿಲ್ಲಿನ ತುದಿ ನೋಡಿ. ಕಡ್ಡಿ ನಟ್ಟನಡುವೆ ಇರಬೇಕು. ಒಂದು ಪಕ್ಕಕ್ಕೆ ವಾಲಿದ್ದರೆ ಮೆಂಡರ್‌ಗೆ ಹಾಕಿದಾಗಲೆಲ್ಲ ಮುರಿಯುತ್ತದೆ.