ವಾರಕ್ಕೆ ಐದೇ ಪದ: ಚಿಕ್ಕ ಮಕ್ಕಳಿಗೆ ಹೊಸ ಶಬ್ದ ಕಲಿಸುವುದು ಹೇಗೆ?

ಎರಡನೆಯ ಅಥವಾ ಮೂರನೆಯ ತರಗತಿಯ ಮಗು ಪಾಠವನ್ನು ಗಡಗಡನೆ ಓದಿ ಮುಗಿಸುತ್ತದೆ. ಏನು ಓದಿದೆ ಎಂದು ಕೇಳಿದರೆ ಪುಸ್ತಕ ನೋಡುತ್ತಾ ನಿಲ್ಲುತ್ತದೆ. ಅಕ್ಷರ ಕೈಗೆ ಸಿಕ್ಕಿದೆ, ಶಬ್ದ ಸಿಕ್ಕಿಲ್ಲ. ಕೊಡಗಿನ ಶಾಲೆಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಇಲ್ಲಿ ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಯರವ ಭಾಷೆ ಆಡುವ ಮನೆಗಳ ಮಕ್ಕಳು ಕೂತಿರುತ್ತಾರೆ. ಕಾಫಿ ತೋಟದ ಕೆಲಸಗಾರರು ಇರುವ ಲೈನ್ ಮನೆಗಳಿಂದ ಹಿಂದಿ, ಅಸ್ಸಾಮಿ ಆಡುವ ಮಕ್ಕಳೂ ಬರುತ್ತಾರೆ. ಇವರಲ್ಲಿ ಬಹಳಷ್ಟು ಮಂದಿಗೆ ಪುಸ್ತಕದ ಕನ್ನಡ ಕಿವಿಗೆ ಬೀಳುವುದು ಶಾಲೆಯಲ್ಲಿ ಮಾತ್ರ. ಓದುತ್ತಾ ಹೋದರೆ ಪದ ತಾನಾಗಿ ಬರುತ್ತದೆ ಎಂದು ಕಾಯುವಂತಿಲ್ಲ, ಸಮಯ ಎತ್ತಿಟ್ಟು ಕಲಿಸಲೇಬೇಕು.

ಮೊದಲು ಪದ ಆರಿಸಿ

ಮುಂದಿನ ವಾರದ ಪಾಠವನ್ನು ಒಮ್ಮೆ ಓದಿ, ಮಕ್ಕಳಿಗೆ ಗೊತ್ತಿರಲಾರದು ಅನ್ನಿಸಿದ ಪದಗಳಿಗೆ ಪೆನ್ಸಿಲ್ ಗೆರೆ ಎಳೆಯಿರಿ. ಹದಿನೈದು, ಇಪ್ಪತ್ತು ಸಿಗಬಹುದು. ಅಷ್ಟನ್ನೂ ಕಲಿಸಲು ಹೊರಟರೆ ಒಂದೂ ನಿಲ್ಲುವುದಿಲ್ಲ. ನೊಗ, ಬುಟ್ಟಿ, ಒರಳು ಇಂಥವಕ್ಕೆ ಚಿತ್ರವೋ ವಸ್ತುವೋ ಸಾಕು, ಅರ್ಧ ನಿಮಿಷದ ಕೆಲಸ. ಆ ಒಂದು ಪಾಠದಲ್ಲಷ್ಟೇ ಬಂದು ಹೋಗುವ ಅಪರೂಪದ ಪದದ ಅರ್ಥವನ್ನು ಓದುವಾಗಲೇ ಹೇಳಿ ಮುಂದೆ ಹೋಗಿ. ಉಳಿಯುವುದು ಕಥೆಯಲ್ಲಿ, ಪರಿಸರ ಪಾಠದಲ್ಲಿ, ದೊಡ್ಡವರ ಮಾತಿನಲ್ಲಿ ಮತ್ತೆ ಮತ್ತೆ ಎದುರಾಗುವ ಪದಗಳು: ಹಿಂಜರಿ, ಅವಸರ, ಆಸರೆ, ಗಮನಿಸು, ಹೋಲಿಸು, ನಿರಾಸೆ, ಇಳಿಜಾರು. ವಾರದ ಐದು ಪದ ಇವುಗಳಿಂದಲೇ ಬರಲಿ. ಒಂದನೆಯ ತರಗತಿಗೆ ಮೂರು ಸಾಕು.

ಊರಿನ ಅನುಭವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೊಡಗಿನಲ್ಲಿ ರೈಲು ಮಾರ್ಗವಿಲ್ಲ. ‘ಹಳಿ’, ‘ನಿಲ್ದಾಣ’, ‘ಬೋಗಿ’ ಬಂದಾಗ ಮೈಸೂರಿನ ಮಗುವಿಗೆ ಬೇಕಾದಷ್ಟೇ ಸಮಯ ಇಲ್ಲಿನ ಮಗುವಿಗೆ ಸಾಲದು. ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೊ ತೋರಿಸಿ, ಅಂಗಳದಲ್ಲಿ ಸುಣ್ಣದಿಂದ ಎರಡು ಗೆರೆ ಎಳೆದು ಅದರ ಮೇಲೆ ಮಕ್ಕಳನ್ನೇ ಬೋಗಿಗಳಾಗಿ ನಡೆಸಿ. ಅದೇ ಮಕ್ಕಳಿಗೆ ‘ಕಣ’ ಎಂದರೆ ಕಾಫಿ ಒಣಗಿಸುವ ಜಾಗ ಎಂಬುದು ಚೆನ್ನಾಗಿ ಗೊತ್ತು. ಭತ್ತ, ರಾಗಿ ಒಕ್ಕುವ ಜಾಗವೂ ಕಣವೇ ಎಂದು ಸೇರಿಸಿದರೆ ಪುಸ್ತಕದ ‘ಸುಗ್ಗಿ’, ‘ರಾಶಿ’, ‘ತೂರು’ ಅದರ ಹಿಂದೆಯೇ ಬರುತ್ತವೆ.

ಮನೆಯ ಮಾತಿನಲ್ಲಿ ಏನನ್ನುತ್ತಾರೆ?

ಪದ ಹೇಳುವ ಮುಂಚೆ ವಸ್ತುವನ್ನೋ ಅಭಿನಯವನ್ನೋ ತೋರಿಸಿ ‘ಇದಕ್ಕೆ ಮನೇಲಿ ಏನಂತೀರಿ?’ ಎಂದು ಕೇಳಿ. ಬಂದ ಪದಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಹಲಗೆಯ ಮೇಲೆ ಬರೆಯಿರಿ. ಎರಡು ನಿಮಿಷ ಹಿಡಿಯುವ ಈ ಕೆಲಸದಿಂದ ದೊಡ್ಡ ಉಳಿತಾಯವಿದೆ, ಏಕೆಂದರೆ ಎಷ್ಟೋ ಪದ ಮಗುವಿಗೆ ಹೊಸದೇ ಆಗಿರುವುದಿಲ್ಲ. ಕೊಡವ ತಕ್ಕ್‌ನ ಪಾಲ್, ಪೂ, ಪಂದಿ ಕನ್ನಡದಲ್ಲಿ ಹಾಲು, ಹೂ, ಹಂದಿ. ಮನೆಯಲ್ಲಿ ‘ಪ’ ಇದ್ದ ಕಡೆ ಪುಸ್ತಕದಲ್ಲಿ ಹಲವು ಬಾರಿ ‘ಹ’ ಇರುತ್ತದೆ. ಸುಗ್ಗಿ ಹಬ್ಬವಾದ ಪುತ್ತರಿಯನ್ನೇ ಕನ್ನಡದಲ್ಲಿ ಹುತ್ತರಿ ಎನ್ನುವುದು ಇಲ್ಲಿನ ಎಲ್ಲ ಮಕ್ಕಳಿಗೂ ಗೊತ್ತು. ಅಲ್ಲಿಂದ ಶುರು ಮಾಡಿದರೆ ಮಲಯಾಳಂ ಮಕ್ಕಳಿಗೂ ದಾರಿ ಸಿಗುತ್ತದೆ, ಅವರ ಮನೆಯಲ್ಲೂ ಹಾಲು ‘ಪಾಲ್’, ಹೂ ‘ಪೂವ್’.

ಎಡವಿಸುವ ಪದಗಳೂ ಇವೆ. ಕೊಡವ ತಕ್ಕ್‌ನಲ್ಲಿ ‘ನರಿ’ ಎಂದರೆ ಹುಲಿ. ಹುಲಿ ಕೊಂದವನಿಗೆ ಮಾಡುತ್ತಿದ್ದ ಗೌರವದ ಆಚರಣೆಯ ಹೆಸರೂ ‘ನರಿ ಮಂಗಲ’. ದ್ರಾಕ್ಷಿಗೆ ಹಾರುವ ನರಿಯ ಕಥೆಯನ್ನು ಚಿತ್ರ ತೋರಿಸದೆ ಹೇಳಿದರೆ ಮಗು ಹುಲಿಯನ್ನೇ ಕಣ್ಣಮುಂದೆ ತಂದುಕೊಳ್ಳುತ್ತದೆ, ಕಥೆ ಪೂರ್ತಿ ತಲೆಕೆಳಗಾಗುತ್ತದೆ. ಇಂಥ ಪದಗಳನ್ನು ತರಗತಿಯ ಪುಸ್ತಕವೊಂದರಲ್ಲಿ ಗುರುತು ಹಾಕಿಡಿ.

ಹಿಂದಿ, ಅಸ್ಸಾಮಿ ಮಕ್ಕಳ ವಿಷಯದಲ್ಲಿ ಲೆಕ್ಕಾಚಾರ ತಿರುಗುಮುರುಗು. ‘ಬಾನು’ ಸುಲಭ, ‘ಆಕಾಶ’ ಕಷ್ಟ ಎಂದು ನಮಗನ್ನಿಸುತ್ತದೆ. ಅವರಿಗೆ ಆಕಾಶವೇ ಪರಿಚಯದ ಪದ. ಸಮಯ, ಭಯ, ಸೂರ್ಯ ಕೂಡ ಹಾಗೆಯೇ. ಆ ಪದದಿಂದ ಹೊರಟು ಬಾನು, ಹೊತ್ತು, ಹೆದರಿಕೆಗೆ ಬನ್ನಿ.

ಇಷ್ಟು ಭಾಷೆ ಯಾವ ಶಿಕ್ಷಕರಿಗೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಬಿಸಿಯೂಟದ ಅಡುಗೆಯವರು, ಮೇಲಿನ ತರಗತಿಯ ಅಕ್ಕ, ಅಣ್ಣಂದಿರು ಹೇಳಿಕೊಡುತ್ತಾರೆ. ಒಂದು ವಿಷಯ ಮಾತ್ರ ಬಿಗಿಯಾಗಿರಲಿ: ಯರವ, ಕುರುಬ ಬುಡಕಟ್ಟುಗಳ ಮಕ್ಕಳು ಮನೆಯ ಪದ ಹೇಳಿದಾಗ ತರಗತಿ ನಗಬಾರದು. ಒಮ್ಮೆ ನಕ್ಕರೆ ಆ ಮಗು ವರ್ಷವಿಡೀ ಬಾಯಿ ಬಿಡುವುದಿಲ್ಲ. ಬಾಯಿ ಬಿಡದ ಮಗುವಿಗೆ ಪದ ಕಲಿಸಲು ಬೇರೆ ದಾರಿಯೇ ಇಲ್ಲ.

ಒಂದು ಪದಕ್ಕೆ ಏಳೆಂಟು ನಿಮಿಷ

‘ಹಿಂಜರಿ’ಯನ್ನೇ ತೆಗೆದುಕೊಳ್ಳೋಣ. ಮೊದಲು ಬರೆಯಬೇಡಿ, ಹೇಳಿ. ಹಿಂ–ಜ–ರಿ ಎಂದು ಚಪ್ಪಾಳೆ ತಟ್ಟಿ ಮೂರು ಸಲ ಹೇಳಿಸಿ. ನಂತರ ಅರ್ಥ. ‘ಹಿಂಜರಿ ಎಂದರೆ ಸಂಕೋಚಪಡು’ ಎಂದರೆ ಒಂದು ಗೊತ್ತಿಲ್ಲದ ಪದಕ್ಕೆ ಇನ್ನೊಂದು ಗೊತ್ತಿಲ್ಲದ ಪದ ಕೊಟ್ಟಂತೆ. ಪೂರ್ತಿ ವಾಕ್ಯದಲ್ಲಿ ಹೇಳಿ: ‘ಒಂದು ಕೆಲಸ ಮಾಡಬೇಕು ಅಂತ ಇದ್ದರೂ ಹೆದರಿಕೆಗೋ ನಾಚಿಕೆಗೋ ಹಿಂದೆ ಸರಿದರೆ, ಅದು ಹಿಂಜರಿಯುವುದು.’ ಹೇಳುತ್ತಲೇ ಕಾಲು ಮುಂದಿಟ್ಟು ಹಿಂದೆಗೆದು ತೋರಿಸಿ, ಮಕ್ಕಳೂ ಮಾಡಲಿ.

ಈಗ ಮೂರು ಬೇರೆ ಬೇರೆ ಸಂದರ್ಭ ಕೊಡಿ. ಹೊಳೆ ದಾಟಲು ಕರು ಹಿಂಜರಿಯಿತು. ಹೊಸ ಶಾಲೆಯಲ್ಲಿ ಹೆಸರು ಹೇಳಲು ಹುಡುಗಿ ಹಿಂಜರಿದಳು. ಜಿಗಣೆ ಇದೆಯೆಂದು ಹುಲ್ಲಿಗೆ ಕಾಲಿಡಲು ಅವನು ಹಿಂಜರಿದ. ಒಂದೇ ಉದಾಹರಣೆಗೆ ನಿಲ್ಲಿಸಿದರೆ ಮಗು ಪದವನ್ನು ಅದಕ್ಕೇ ಅಂಟಿಸಿಬಿಡುತ್ತದೆ, ಹಿಂಜರಿಯುವುದು ಎಂದರೆ ಹೊಳೆ ದಾಟುವುದು ಎಂದುಕೊಳ್ಳುತ್ತದೆ.

ಆಮೇಲೆ ಅಲ್ಲದ್ದನ್ನು ಕೇಳಿ. ಹಲವು ತರಗತಿಗಳಲ್ಲಿ ಬಿಟ್ಟುಹೋಗುವ ಹೆಜ್ಜೆ ಇದೇ, ಅರ್ಥದ ಗಡಿ ಗೊತ್ತಾಗುವುದೂ ಇಲ್ಲೇ. ‘ಗಂಟೆ ಹೊಡೆದ ಕೂಡಲೇ ಎಲ್ಲರೂ ಊಟಕ್ಕೆ ಓಡಿದರು. ಹಿಂಜರಿದರಾ?’ ಇದಕ್ಕೆ ಎಲ್ಲರೂ ಇಲ್ಲ ಎನ್ನುತ್ತಾರೆ. ‘ಕಾಲು ನೋವೆಂದು ಅವಳು ನಿಧಾನವಾಗಿ ನಡೆದಳು. ಹಿಂಜರಿದಳಾ?’ ಇಲ್ಲಿ ಅರ್ಧ ತರಗತಿ ಹೌದು ಎನ್ನಬಹುದು. ನಿಧಾನಕ್ಕೂ ಹಿಂಜರಿಕೆಗೂ ಇರುವ ವ್ಯತ್ಯಾಸವನ್ನು ಆಗ ಬಿಡಿಸಿ ಹೇಳಿ. ಎಲ್ಲರೂ ಒಟ್ಟಿಗೆ ಕೂಗಿದರೆ ಜೋರಿನ ನಾಲ್ಕು ಮಕ್ಕಳ ಉತ್ತರವಷ್ಟೇ ಕೇಳಿಸುತ್ತದೆ. ಹೆಬ್ಬೆರಳು ಮೇಲೆ ಅಥವಾ ಕೆಳಗೆ ಮಾಡಿಸಿದರೆ ಪ್ರತಿ ಮಗುವಿನ ಉತ್ತರ ಕಾಣುತ್ತದೆ.

ಕೊನೆಗೆ ಪಕ್ಕದವರ ಜೊತೆ ‘___ ಮಾಡಲು ನಾನು ಹಿಂಜರಿದೆ, ಯಾಕೆಂದರೆ ___’ ಎಂದು ತುಂಬಿಸಿ ಹೇಳಿಸಿ. ‘ಯಾಕೆಂದರೆ’ ಇಲ್ಲದಿದ್ದರೆ ಹಲಗೆಯ ವಾಕ್ಯದಲ್ಲಿ ಒಂದು ಪದ ಬದಲಿಸಿ ಪಾರಾಗುತ್ತಾರೆ. ಬರವಣಿಗೆ ಇದಾದ ಮೇಲೆ. ಪದ, ಅರ್ಥವನ್ನು ಐದು ಸಲ ಬರೆಸುವುದರಿಂದ ಕೈ ದಣಿಯುತ್ತದೆ, ಪದ ನಾಲಿಗೆಗೆ ಬರುವುದಿಲ್ಲ.

ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿ–ಕಲಿಯಲ್ಲಿ 1ರಿಂದ 3ನೆಯ ತರಗತಿಯವರೆಗಿನ ಮಕ್ಕಳು ಒಟ್ಟಿಗೆ ಇರುತ್ತಾರೆ. ಅಲ್ಲಿ ಗುಂಪುಗಳಿಗೆ ಚದುರುವ ಮುಂಚೆ, ಎಲ್ಲರೂ ವೃತ್ತದಲ್ಲಿರುವಾಗ ದಿನಕ್ಕೊಂದು ಪದ ಮಾಡಿ. ಚಿಕ್ಕವರು ಅಭಿನಯಿಸಲಿ, ದೊಡ್ಡವರು ವಾಕ್ಯ ಹೇಳಲಿ.

ಪದ ರೂಪ ಬದಲಿಸಿದಾಗ

ಕನ್ನಡದಲ್ಲಿ ಪದ ಕಲಿತ ಹಾಗೆಯೇ ಪುಸ್ತಕದಲ್ಲಿ ಸಿಗುವುದಿಲ್ಲ. ‘ಆಸರೆ’ ಕಲಿತ ಮಗು ‘ಆಸರೆಯಿಲ್ಲದೆ’ ಎಂಬಲ್ಲಿ ತಡವರಿಸುತ್ತದೆ. ಹಿಂಜರಿದ, ಹಿಂಜರಿಯುತ್ತಾಳೆ, ಹಿಂಜರಿಯದೆ, ಹಿಂಜರಿಕೆ ಎಂದು ಒಂದರ ಕೆಳಗೊಂದು ಬರೆದು, ಬದಲಾಗದ ಭಾಗಕ್ಕೆ ಬಣ್ಣದ ಸೀಮೆಸುಣ್ಣದಲ್ಲಿ ಗೆರೆ ಎಳೆಸಿ. ಬೀಳು–ಬಿದ್ದ, ಏಳು–ಎದ್ದ, ತರು–ತಂದ, ಕೀಳು–ಕಿತ್ತ ಇಂಥವುಗಳಲ್ಲಿ ಗೆರೆ ಎಳೆಯಲು ಏನೂ ಉಳಿಯುವುದಿಲ್ಲ. ಇವನ್ನು ಜೋಡಿಯಾಗಿಯೇ ಬಾಯಿಗೆ ತರಿಸಬೇಕು.

ಮಳೆ ನೋಡಿಕೊಂಡು

ಜೂನ್‌ನಿಂದ ಆಗಸ್ಟ್‌ವರೆಗೆ ಶೀಟಿನ ಮೇಲೆ ಮಳೆ ಹೊಡೆಯುವಾಗ ಕೇಳಿ ಹೇಳುವ ಚಟುವಟಿಕೆ ನಡೆಯದು, ‘ತ’ಕ್ಕೂ ‘ದ’ಕ್ಕೂ ವ್ಯತ್ಯಾಸ ಕೇಳಿಸುವುದಿಲ್ಲ. ಆ ಹೊತ್ತಿಗೆ ಅಭಿನಯ, ಚಿತ್ರ ಬಿಡಿಸುವುದು, ಕಾರ್ಡ್ ಹೊಂದಿಸುವುದು ಇಟ್ಟುಕೊಳ್ಳಿ. ಮಳೆಯನ್ನೇ ಪಾಠ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಕಾಲವೂ ಇಲ್ಲ. ತುಂತುರು, ಸೋನೆ, ಜಡಿಮಳೆ, ಬಿರುಮಳೆ ಎಂದು ನಾಲ್ಕು ಕಾರ್ಡ್ ಬರೆದು, ಮೆಲ್ಲನೆಯದರಿಂದ ಜೋರಿನದಕ್ಕೆ ಸಾಲಾಗಿ ನಿಲ್ಲಿಸಿ. ತುಂತುರು, ಸೋನೆಯ ಬಗ್ಗೆ ಮಕ್ಕಳು ವಾದಿಸುತ್ತಾರೆ, ವಾದಿಸಲಿ. ಎರಡರಲ್ಲೂ ಹನಿ ಸಣ್ಣದೇ, ಆದರೆ ಸೋನೆ ಬಿಡದೆ ಹಿಡಿಯುತ್ತದೆ. ಕಿಟಕಿಯಾಚೆ ನೋಡಿ ‘ಈಗ ಯಾವುದು?’ ಎಂದು ದಿನವೂ ಕೇಳಬಹುದು.

ಗೋಡೆಗೆ ಗೋಂದಿನಲ್ಲಿ ಅಂಟಿಸಿದ ಪದಗಳು ಈ ತಿಂಗಳುಗಳಲ್ಲಿ ಉದುರುತ್ತವೆ, ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಸ್ಕೆಚ್ ಪೆನ್ ಹರಡುತ್ತದೆ. ಹಳೆಯ ಮದುವೆ ಕಾಗದದ ಗಟ್ಟಿ ಹಾಳೆಯನ್ನು 4 ಇಂಚು ಅಗಲ, 6 ಇಂಚು ಉದ್ದಕ್ಕೆ ಕತ್ತರಿಸಿ ಮೇಣದ ಬಣ್ಣದಲ್ಲಿ ಬರೆಯಿರಿ, ಮೇಣಕ್ಕೆ ತೇವ ತಾಗುವುದಿಲ್ಲ. ಮುಂದೆ ಪದ, ಹಿಂದೆ ಮಗುವೇ ಬಿಡಿಸಿದ ಚಿತ್ರ. ಮಕ್ಕಳ ಕಣ್ಣಿನ ಮಟ್ಟಕ್ಕೆ ಹಗ್ಗ ಕಟ್ಟಿ, ಬಟ್ಟೆಯ ಕ್ಲಿಪ್‌ನಲ್ಲಿ ಸಿಕ್ಕಿಸಿ.

ಮತ್ತೆ ಮತ್ತೆ ಎದುರಾಗಲಿ

ಕಲಿಸಿದ ಮರುದಿನ, ಮೂರನೆಯ ದಿನ, ಒಂದು ವಾರದ ನಂತರ, ಒಂದು ತಿಂಗಳ ನಂತರ ಪದ ಮತ್ತೆ ಬರಬೇಕು. ಪ್ರತಿ ಸಲ ಎರಡೇ ನಿಮಿಷ, ಆದರೆ ಬೇರೆ ಸಂದರ್ಭದಲ್ಲಿ. ಕಾರ್ಡಿನ ಮೂಲೆಯಲ್ಲಿ ದಿನಾಂಕ ಬರೆದಿಟ್ಟರೆ ಮರೆಯುವುದಿಲ್ಲ. ಮಳೆ ರಜೆ ಮುಗಿದು ಶಾಲೆ ತೆರೆದಾಗ ಹೊಸ ಪದಕ್ಕೆ ಹೋಗಬೇಡಿ, ಮೊದಲ ಎರಡು ದಿನ ಹಳೆಯ ಕಾರ್ಡುಗಳೇ ಇರಲಿ. ಮನೆಯವರಿಗೆ ಕೊಡುವ ಕೆಲಸ ಸಣ್ಣದಾಗಿರಲಿ: ಮಗು ಸಂಜೆ ಒಂದು ಪದ ಹೇಳುತ್ತದೆ, ಅಮ್ಮನೋ ಅಜ್ಜಿಯೋ ಅದಕ್ಕೆ ತಮ್ಮ ಭಾಷೆಯ ಪದ ಹೇಳುತ್ತಾರೆ. ಓದು ಬಾರದವರೂ ಮಾಡಬಹುದು.

ಶುಕ್ರವಾರ ಪರೀಕ್ಷೆ ಬೇಡ, ‘ಶಾಲೆಯ ಹತ್ತಿರ ಇಳಿಜಾರು ಎಲ್ಲಿದೆ, ತೋರಿಸು’, ‘ಬಳ್ಳಿಗೆ ಯಾವ ಮರ ಆಸರೆ?’ ಎಂದು ಕೇಳಿ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ತೋರಿಸಿದರೆ ಅರ್ಥ ಬಂದಿದೆ. ಕೇಳದೆಯೇ ಆಟದಲ್ಲೋ ಜಗಳದಲ್ಲೋ ಮಗು ಆ ಪದ ಬಳಸಿದರೆ ಹೆಸರಿನ ಮುಂದೆ ಒಂದು ಚುಕ್ಕೆ ಹಾಕಿಕೊಳ್ಳಿ. ಮೂರರಲ್ಲಿ ಒಂದು ಪಾಲು ಮಕ್ಕಳಿಗೂ ಬರದ ಪದವನ್ನು ಮುಂದಿನ ವಾರದ ಐದರಲ್ಲಿ ಸೇರಿಸಿ ಹೊಸ ಉದಾಹರಣೆಗಳಿಂದ ಕಲಿಸಿ. ಕಾಫಿ ಕುಯ್ಲಿಗೆ ಬಂದ ಕುಟುಂಬಗಳ ಮಕ್ಕಳು ನಡುವರ್ಷ ಸೇರಿದರೆ, ಹಗ್ಗದ ಕಾರ್ಡುಗಳಲ್ಲಿ ಹತ್ತನ್ನು ಆರಿಸಿ ಒಬ್ಬ ಹಳೆಯ ವಿದ್ಯಾರ್ಥಿಯ ಕೈಗೆ ಕೊಡಿ. ದಿನಕ್ಕೆ ಎರಡರಂತೆ ಆ ಮಗುವೇ ಹೊಸಬರಿಗೆ ಹೇಳಿಕೊಡಲಿ. ಹೇಳಿಕೊಡುವವನಿಗೆ ಅದೇ ತಿಂಗಳ ಮರುಪಾಠವೂ ಆಗುತ್ತದೆ.